ಹಣಿಗೆಯಲ್ಲಿ ಉಳಿಸಿದ್ದ ಎಳೆಗಳು

ಡಂಬಳದ ದಾರಿಯಲ್ಲಿದ್ದ ನಮ್ಮ ಶಾಲೆಯಲ್ಲಿ ಇದ್ದದ್ದು ಇಪ್ಪತ್ತೇ ಹುಡುಗಿಯರು. ಅಲ್ಲೇ ಉಣ್ಣುವುದು, ಅಲ್ಲೇ ಮಲಗುವುದು, ಪುಸ್ತಕಕ್ಕಿಂತ ಹೆಚ್ಚಾಗಿ ಕೈಯಿಂದ ಕಲಿಯುವುದು. ಒಂದು ವಾರ ರೊಟ್ಟಿ ಬಡಿಯುವ ಪಾಳಿ ಬಂದರೆ ಮತ್ತೊಂದು ವಾರ ತೋಟದ್ದು, ಆಮೇಲೆ ಮಗ್ಗದ್ದು. ನನ್ನ ಯಜಮಾನರು ತೀರಿಕೊಂಡ ವರ್ಷ ನಾನು ಅಲ್ಲಿಗೆ ಇಂಗ್ಲಿಷ್ ಕಲಿಸಲು ಹೋದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳ ಕಣ್ಗಾವಲಿನಲ್ಲಿ ಬೆಳೆದವಳು. ಮೇಜಿನ ಮೇಲೆ ಪುಸ್ತಕ ಓರೆಯಾಗಿದ್ದರೂ ನನಗೆ ಸಮಾಧಾನವಿಲ್ಲ. ರೊಟ್ಟಿ ಮಾತ್ರ ಕೊನೆಯವರೆಗೂ ದುಂಡಗೆ ಬರಲಿಲ್ಲ. ನನ್ನ ಪಾಳಿಯ ದಿನ ಹುಡುಗಿಯರು ಸುತ್ತ ಕೂತು, "ಅಕ್ಕೋರ, ಇವತ್ತ ಯಾವ ಜಿಲ್ಲಾದ ಮ್ಯಾಪ್ ಬಡಿತೀರಿ?" ಎಂದು ಕಾಡುತ್ತಿದ್ದರು.

ಮಗ್ಗ ಕಲಿಸುತ್ತಿದ್ದವರು ಬೆಟಗೇರಿಯ ನೇಕಾರ ಮನೆತನದವರು, ನನಗಿಂತ ನಾಲ್ಕೈದು ವರ್ಷ ಹಿರಿಯರು. ಎಲ್ಲರಿಗೂ ಅವರು ಆಯಿ. ಮನೆಯವರೆಲ್ಲ ಬೇರೆ ಬೇರೆ ಉದ್ಯೋಗ ಹಿಡಿದ ಮೇಲೆ ಮಗ್ಗವನ್ನು ಟ್ರ್ಯಾಕ್ಟರಿಗೆ ಹೇರಿಸಿ, ಅದರ ಜೊತೆಗೇ ತಾವೂ ಕೂತು ಶಾಲೆಗೆ ಬಂದಿದ್ದರಂತೆ. ನನಗೂ ಅವರಿಗೂ ಒಂದೇ ಕೋಣೆ. ಮೊದಲ ದಿನವೇ ಅವರು ತಮ್ಮ ಮಾತು ಹೇಳಿಬಿಟ್ಟಿದ್ದರು: "ಮಗ್ಗ ನಡಿಯೂತನಕಾ ನಾ ಇಲ್ಲಿರತೇನ್ರಿ ಅಕ್ಕೋರ. ಅದು ನಿಂತ ದಿನ ನನಗೂ ಇಲ್ಲಿ ಕೆಲಸಿಲ್ಲ."

ಅವರು ಕಲಿಸುವ ರೀತಿಯೇ ಬೇರೆ. ಹುಡುಗಿಯರಿಗೆ ಕಣ್ಣು ಮುಚ್ಚಲು ಹೇಳುತ್ತಿದ್ದರು. ಎಳೆ ಹರಿದದ್ದು ಬೆರಳಿಗೆ ಮೊದಲು ಗೊತ್ತಾಗಬೇಕು, ಕಣ್ಣಿಗೆ ಆಮೇಲೆ ಎನ್ನುತ್ತಿದ್ದರು. ನಾನು ಬೆರಗಾಗಿದ್ದೆ. ಎಂಥ ಮೆಥಡ್! ಶಾಲೆ ನಡೆಸುವ ಕಮಿಟಿಗೆ ಕಳಿಸುವ ರಿಪೋರ್ಟಿನಲ್ಲಿ ಅದಕ್ಕೊಂದು ದೊಡ್ಡ ಇಂಗ್ಲಿಷ್ ಹೆಸರು ಕೊಟ್ಟು ಬರೆದೂ ಇದ್ದೆ. ಕೋಣೆಯಲ್ಲಿ ಅವರು ಮಾತ್ರೆಯ ಸ್ಟ್ರಿಪ್ಪುಗಳನ್ನು ನನ್ನ ಕೈಗೆ ಕೊಟ್ಟು ಯಾವುದು ಬೆಳಗಿನದು, ಯಾವುದು ಸಂಜೆಯದು ಎಂದು ಕೇಳುತ್ತಿದ್ದರು. ಓದು ಬಾರದವರು, ಪಾಪ, ಅಂದುಕೊಂಡಿದ್ದೆ. ಅಕ್ಷರವಲ್ಲ, ಮಾತ್ರೆಯ ಬಣ್ಣವೇ ಅವರಿಗೆ ತಿಳಿಯುತ್ತಿಲ್ಲ ಎಂದು ಹೊಳೆಯಲೇ ಇಲ್ಲ. ಎರಡು ವರ್ಷ ಒಂದೇ ಕೋಣೆಯಲ್ಲಿದ್ದೂ.

ಆ ಸಲ ಕಮಿಟಿಯವರು ಶಾಲೆ ನೋಡಲು ಬರುವವರಿದ್ದರು. ಮಗ್ಗದ ಮೇಲಿನ ಬಟ್ಟೆ ಆಗಷ್ಟೇ ಮುಗಿದಿತ್ತು, ಹೊಸ ಹಾಸಿಗೆ, ಅಂದರೆ ಮಗ್ಗದ ಉದ್ದೆಳೆಗಳಿಗೆ, ನೂಲು ತರಲು ಆಯಿ ಬೆಟಗೇರಿಗೆ ಹೋಗಿದ್ದರು. ಹುಡುಗಿಯರು ಹೊಲದಲ್ಲಿ ಕಡಲೆ ಕೀಳುತ್ತಿದ್ದರು. ನಾನು ಶಾಲೆಯನ್ನೆಲ್ಲ ಟೈಡಿ ಮಾಡುತ್ತ ಮಗ್ಗದ ಹತ್ತಿರ ಬಂದೆ. ಬಟ್ಟೆ ಕತ್ತರಿಸಿ ತೆಗೆದಿದ್ದರೂ ಗೇಣುದ್ದದ ಎಳೆಗಳು ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ನಡುವೆ, ಅದರ ಹಿಂದಿನ ದಾರದ ಕುಣಿಕೆಗಳೊಳಗೆ ಜೋತುಬಿದ್ದಿದ್ದವು. ಎಣ್ಣೆಮಸಿ ಹಿಡಿದಿದ್ದವು, ತುದಿಗೆ ಗಂಟು ಗಂಟು. ನನ್ನ ಕಣ್ಣಿಗೆ ಕಂಡದ್ದು ಕಸ. ಕತ್ತರಿ ತಂದೆ. ಮಧ್ಯಾಹ್ನವೆಲ್ಲ ಕೂತು ಒಂದೊಂದನ್ನೂ ಕತ್ತರಿಸಿ ಎಳೆದು ತೆಗೆದೆ, ಹಣಿಗೆಯನ್ನು ಹಳೆಯ ಟೂತ್ ಬ್ರಷ್ಷಿನಿಂದ ತಿಕ್ಕಿದೆ. ಕೆಲಸ ಮಾಡುತ್ತ ಸಣ್ಣಗೆ ಹಾಡಿಕೊಳ್ಳುತ್ತಿದ್ದೆನೆಂದೂ ನೆನಪಿದೆ. ಆಯಿ ಬಂದು ನೋಡಿದರೆ ಸರ್‌ಪ್ರೈಸ್ ಆಗುತ್ತದೆ ಅಂದುಕೊಂಡಿದ್ದೆ.

ಮರುದಿನ ಆಯಿ ಬಂದವರೇ ಬೂದಿಯ ಬಟ್ಟಲು ಹಿಡಿದು ಮಗ್ಗದ ಮುಂದೆ ಕೂತರು. ಹುಡುಗಿಯರು ಸುತ್ತ ನಿಂತರು. ಆಯಿ ಬೆರಳಿಗೆ ಬೂದಿ ಹಚ್ಚಿಕೊಂಡು ಹಣಿಗೆಯ ಮೇಲೆ ಕೈಯಾಡಿಸಿದರು. ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ.

"ಅಕ್ಕೋರ, ಇಲ್ಲಿ ಎಳಿ ಇದ್ದೂವಲ್ರಿ?"

ಕಸವಿತ್ತು, ತೆಗೆದೆ ಎಂದೆ. ಅವರ ಕೈ ಅಲ್ಲೇ ನಿಂತಿತು.

ಒಬ್ಬ ಹುಡುಗಿ ನನಗೆ ತಿಳಿಸಿ ಹೇಳಿದಳು, ನಾನು ಕ್ಲಾಸಿನಲ್ಲಿ ಅವಳಿಗೆ ಗ್ರಾಮರ್ ಹೇಳುವಷ್ಟೇ ನಿಧಾನವಾಗಿ. ಬಟ್ಟೆ ಮುಗಿದಾಗ ಹಳೆಯ ಎಳೆಗಳ ತುದಿಯನ್ನು ಹಾಗೆಯೇ ಬಿಡಬೇಕು. ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಬೂದಿಬೆರಳಿನಿಂದ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಕೂಡಿಸಿ ಎಳೆದರೆ ಹೊಸ ನೂಲು ಹಳೆಯದರ ಹಿಂದೆಯೇ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಹಳೆಯದು ಇಲ್ಲದಿದ್ದರೆ ಸಾವಿರದ ಮೇಲಿನ ಎಳೆಗಳನ್ನು ಕಣ್ಣಿಟ್ಟು ಒಂದೊಂದಾಗಿ ಹೊಸದಾಗಿ ಪೋಣಿಸಬೇಕು. ಆ ಮಗ್ಗವನ್ನು ಪೋಣಿಸಿದ್ದು ಆಯಿಯ ಅತ್ತೆ, ಆಯಿ ಹೊಸ ಸೊಸೆಯಾಗಿದ್ದಾಗ. ಆಮೇಲೆ ಇಷ್ಟು ವರ್ಷ ಬರೀ ಕೆಚ್ಚಿದ್ದೇ.

ಹುಡುಗಿಯರು ತಾವೇ ಪೋಣಿಸುತ್ತೇವೆಂದು ಮುಂದೆ ಬಂದರು. ಯಾವ ಎಳೆ ಯಾವ ಕುಣಿಕೆಗೆ ಎಂದು ಕೇಳಿದರೆ ಆಯಿಗೆ ಹೇಳಲಾಗಲಿಲ್ಲ. ಅಂಚಿನ ಹತ್ತಿರ ಎಲ್ಲ ಸಿಕ್ಕಾಯಿತು. ಕಡೆಗೆ ಆಯಿಯೇ ಒಂದು ಎಳೆ ಹಿಡಿದರು. ಅದು ಕುಣಿಕೆಯಿಂದ ಬೆರಳಷ್ಟು ಆಚೆ ಹೋಯಿತು. ಮತ್ತೆ ಹಿಡಿದರು, ಮತ್ತೆ ಆಚೆ. ಅಸುಂಡಿ ಊರಿನ ಒಬ್ಬ ಹುಡುಗಿ ಸದ್ದಿಲ್ಲದೆ ಅವರ ಮಣಿಕಟ್ಟು ಹಿಡಿದು ಕುಣಿಕೆಯ ಕಡೆಗೆ ಒಯ್ದಳು. ಆಯಿ ಕೈ ಬಿಡಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡರು. ನಮಗೆಲ್ಲ ತಿಳಿದದ್ದು ಆಗ.

"ಸಕ್ಕರಿ ಬ್ಯಾನಿ ಕಣ್ಣಿಗೆ ಬಂದು ಎರಡ ವರ್ಷಾತ್ರಿ," ಎಂದರು ಕೋಣೆಗೆ ಬಂದ ಮೇಲೆ. "ಡಾಕ್ಟರು ಇನ್ನ ಆಗೂದಿಲ್ಲ ಅಂದಾರ. ಕೆಚ್ಚಾಕ ಕಣ್ಣು ಬೇಕಾಗಿದ್ದಿಲ್ಲ. ಅದಕ್ಕ ನಡದಿತ್ತು."

ಸಾರಿ ಎಂದೆ. ತಪ್ಪು ಮಾಡಿದರೆ ಎದುರಿನವರ ಮುಖ ನೋಡಿ ಸಾರಿ ಹೇಳಬೇಕೆಂದು ಸಿಸ್ಟರು ಕಲಿಸಿದ್ದರು. ನಾನು ನೋಡಿಯೇ ಹೇಳಿದೆ. ಆಯಿ ಗೋಡೆಯ ಕಡೆಗೆ ಮುಖ ಮಾಡಿ, "ನಿಮಗೇನ ಗೊತ್ರಿ. ನಾನ ಹೇಳಿರಲಿಲ್ಲ," ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕಮಿಟಿಯವರು ಬಂದರು. ಮಗ್ಗಕ್ಕೆ ಚಾದರ ಹೊದಿಸಿದ್ದೆವು. ವಿಸಿಟರ್ಸ್ ಬುಕ್ಕಿನಲ್ಲಿ ಶಾಲೆ ವೆರಿ ನೀಟ್ ಎಂದು ಬರೆದು ಹೋದರು.

ಆ ಸೋಮವಾರ ಆಯಿ ಮಗಳ ಮನೆಗೆ ಹೊರಟರು. ಮಗ್ಗ ನಿಂತರ ನಿಲ್ಲಲಿ, ಸುಮ್ಮನೆ ಇಲ್ಲೇ ಇರ್ರಿ, ನಮ್ಮ ಪಾಳಿಯ ರೊಟ್ಟಿ ನೀವು ಮಾಡ್ರಿ, ಕಥೆ ಹೇಳ್ರಿ ಎಂದು ಹುಡುಗಿಯರು ಸೆರಗು ಹಿಡಿದರು. ಒಬ್ಬೊಬ್ಬಳ ತಲೆ ಮುಟ್ಟಿ ಬಸ್ಸು ಹತ್ತಿದರು. ಮಗ್ಗ ಇಲ್ಲೇ ಇರಲಿ ಎಂದರು.

ಮುಂದೆ ಬೆಟಗೇರಿಯಿಂದ ಒಬ್ಬ ನೇಕಾರರನ್ನು ಕರೆಸಿ ಮಗ್ಗವನ್ನು ಪೋಣಿಸಿದೆವು. ಹುಡುಗಿಯರು ಒಂದು ಟವೆಲ್ ನೇಯ್ದರು. ನಾನೇ ಅದನ್ನು ತೆಗೆದುಕೊಂಡು ಹೋದೆ. ಆಯಿ ಮಗಳ ಮನೆಯ ಪಡಸಾಲೆಯಲ್ಲಿ ಕೂತು ಬೆರಳಿಂದ ತಡವಿ ತಡವಿ ತೊಗರಿಬೇಳೆ ಆರಿಸುತ್ತಿದ್ದರು. ಟವೆಲಿನ ಅಂಚನ್ನು ಉದ್ದಕ್ಕೂ ಸವರಿ, ಅಸುಂಡಿ ಹುಡುಗಿಯ ಕೈ ಇದು, ಬಿಗಿ ಚೊಲೋ ಹಿಡಿದಾಳೆ ಎಂದರು. ಗುರುತು ತಪ್ಪಿರಲಿಲ್ಲ. ನನಗೆ ಎಲ್ಲಿಲ್ಲದ ಆಸೆ ಹುಟ್ಟಿತು. ಮಗ್ಗ ನಡೆಯುತ್ತಿದೆ, ಈಗ ಬನ್ನಿ, ಇಂದೇ ಬನ್ನಿ ಎಂದೆ.

"ಅದು ನಡಿಯಾಕತ್ತೈತಿ, ಖರೆ," ಎಂದರು. "ಆದ್ರ ಅದರಾಗ ನನ್ನ ಎಳಿ ಒಂದೂ ಇಲ್ರಿ ಅಕ್ಕೋರ. ಯಾವುದರ ಬೆನ್ನ ಹತ್ತಿ ಬರ್ಲಿ?"

ಟವೆಲನ್ನು ಮಡಚಿ ನೇಯ್ದವಳಿಗೇ ಕೊಡಲು ಹೇಳಿದರು.

ಸಂಜೆ ಶಾಲೆಗೆ ಬಂದಾಗ ಹುಡುಗಿಯರು ನಮ್ಮ ಕೋಣೆಯನ್ನು ಸಾರಿಸಿ ಆಯಿಯ ಹಾಸಿಗೆ ಹಾಸಿಟ್ಟಿದ್ದರು. ಮುಂದಿನ ಬಸ್ಸಿಗೆ ಬರುತ್ತಾರೇನ್ರಿ ಎಂದು ಒಬ್ಬಳು ಕೇಳಿದಳು. ಇಲ್ಲವ್ವಾ ಎಂದೆ. ನಾನು ಹಾಸಿಗೆ ಸುತ್ತತೊಡಗಿದಾಗ ಅವರಲ್ಲಿ ಇಬ್ಬರು ಬಂದು ಇನ್ನೊಂದು ತುದಿ ಹಿಡಿದರು.