ಹಡಗಲಿಯ ಲೇತ್ ನೋಡಲು ಹೋದ ದಿನ

ಕೂಡ್ಲಿಗಿಯಿಂದ ಬೆಳಗಿನ ಬಸ್ಸಿಗೆ ಹೊರಟೆ. ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ, ಹಗರಿಬೊಮ್ಮನಹಳ್ಳಿಯಲ್ಲಿ ಮಂಡಕ್ಕಿ ಮಿರ್ಚಿ ತಿಂದು ಹೂವಿನಹಡಗಲಿ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ತೊಂಬತ್ತರ ದಶಕದ ಕೊನೆಯ ಮಾತಿದು. ಕೂಡ್ಲಿಗಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಅಂಗಡಿ ನನ್ನದೊಂದಿತ್ತು. ಹಳೆಯ ಯಂತ್ರಗಳ ವಯಸ್ಸು, ಬೆಲೆ ಹೇಳಲು ಸುತ್ತಲಿನವರು ನನ್ನನ್ನೇ ಕರೆಯುತ್ತಿದ್ದರು.

ಆ ಸಲ ಕರೆಸಿದವರು ಗಂಗಮ್ಮ. ಅವರ ಗಂಡ ಹನುಮಂತಪ್ಪ ಮೂವತ್ತು ವರ್ಷ ಪಂಪ್‌ಸೆಟ್ಟಿನ ಶಾಫ್ಟು ಮಾಡಿಕೊಡುತ್ತಿದ್ದ ಲೇತ್ ಅದು. ಅವರು ತೀರಿಕೊಂಡು ವರ್ಷವಾಗಿತ್ತು.

“ಓಡಂಗಿದ್ರ ಬಾಡಿಗಿಗಿ ಕೊಡ್ತೀನ್ರಿ ಅಣ್ಣಾರ. ಇಲ್ಲಂದ್ರ ಗುಜರಿಯವರು ಬಂದು ಕುಂತಾರ. ನೀವು ಹೇಳಿದಂಗ,” ಅಂದರು ಗಂಗಮ್ಮ.

ಬಾಗಿಲ ಹೊರಗೆ ಗುಜರಿಯವರ ಟೆಂಪೊ ನಿಂತಿತ್ತು. ನಾನು ಲೇತಿನ ಉದ್ದನೆಯ ಬೀಡುಕಬ್ಬಿಣದ ಪೀಠ, ಅಂದರೆ ಬೆಡ್ಡಿನ ತುದಿಯ ಜಿಡ್ಡು ಕೆರೆದು ನಂಬರು ನೋಡಿದೆ. ಚಪ್ಪಟೆ ಬೆಲ್ಟು, ಮೆಟ್ಟಿಲಿನಂಥ ಪುಲ್ಲಿ, ಇಂಚಿನ ಲೆಕ್ಕದ ತಿರುಪಿನ ಸುತ್ತು. ಸ್ವಾತಂತ್ರ್ಯಕ್ಕೂ ಮುಂಚಿನ ವಿಲಾಯಿತಿ ಯಂತ್ರವೆಂಬುದರಲ್ಲಿ ಅನುಮಾನವಿರಲಿಲ್ಲ. ಬೆಡ್ಡು, ಕಡೆಯುವ ತುಂಡನ್ನು ಹಿಡಿದು ತಿರುಗುವ ಚಕ್ಕಿನ ಬಳಿಯೂ ಅಷ್ಟಾಗಿ ಸವೆದಿರಲಿಲ್ಲ. ಆದರೆ ಚಕ್ಕಿನ ಕೆಳಗೆ ಕಬ್ಬಿಣದ ಸಲಾಕೆ ಕೊಟ್ಟು ಎತ್ತಿದರೆ ಲಟಲಟ ಅಲುಗಿತು. ಕಂಚಿನ ಬೇರಿಂಗು ಹೋಗಿದೆ ಅಂದುಕೊಂಡೆ. ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಬೇರಿಂಗಿನ ಮುಚ್ಚಳ ಬಿಚ್ಚಿ ನೋಡಬೇಕಿತ್ತು, ಮೂರು ಗಂಟೆಯ ಬಸ್ಸು ತಪ್ಪುತ್ತದೆಂದು ಬಿಚ್ಚಲಿಲ್ಲ.

“ಇದು ಗುಜರಿ ತೂಕಕ್ಕs ಹೋಗ್ಬೇಕ್ರಿ ಅಕ್ಕಾರ,” ಅಂದೆ.

ಗಂಗಮ್ಮ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರು. ಉಂಡು ಬಸ್ಸು ಹತ್ತಿದೆ.

ಹಗರಿಬೊಮ್ಮನಹಳ್ಳಿಯಲ್ಲಿ ಕೊಟ್ಟೂರು ಬಸ್ಸು ತಡವಾಗಿತ್ತು. ಚಹಾದಂಗಡಿಯ ಪಕ್ಕದ ಹಿಟ್ಟಿನ ಗಿರಣಿಯಲ್ಲಿ ಒಬ್ಬ ಮೇಸ್ತ್ರಿ ಹಳೆಯ ಆಯಿಲ್ ಎಂಜಿನ್ನಿನ ಬೇರಿಂಗ್ ಬಿಚ್ಚಿ, ಸಂದಿನಿಂದ ತೆಳ್ಳನೆಯ ತಗಡೊಂದನ್ನು ತೆಗೆದು ಮತ್ತೆ ಬಿಗಿಯುತ್ತಿದ್ದ. ಬೇರಿಂಗು ಸವೆದಷ್ಟೂ ಒಂದೊಂದು ತಗಡು ತೆಗೆದು ಬಿಗಿ ಮಾಡುವ ಪದ್ಧತಿ. ಆ ಕಾಲದ ಲೇತಿಗೂ ಅದೇ. ಕೆಲಸ ಕಲಿಯುವಾಗ ನಾನೇ ಎಷ್ಟು ಸಲ ಮಾಡಿದ್ದೆನೋ. ಹೊಸ ಯಂತ್ರಗಳ ರೂಢಿಯಲ್ಲಿ ಮರೆತೇಬಿಟ್ಟಿದ್ದೆ. ಚಹಾ ಅರ್ಧಕ್ಕೆ ಬಿಟ್ಟು ಹಡಗಲಿಯ ಬಸ್ಸು ಹತ್ತಿದೆ. ಗಂಗಮ್ಮನವರ ಮನೆಯಲ್ಲಿ ಫೋನಿರಲಿಲ್ಲ.

ಹೊತ್ತು ಮುಳುಗುವಾಗ ಮುಟ್ಟಿದೆ. ಇಡೀ ಯಂತ್ರ ಎತ್ತಲಾಗದೆ ಬೆಡ್ಡನ್ನು ಸುತ್ತಿಗೆಯಲ್ಲಿ ಮೂರು ತುಂಡು ಮಾಡಿ ಟೆಂಪೊಗೆ ಹಾಕಿದ್ದರು. ತುಂಡುಗಳ ನಡುವೆ ಬೇರಿಂಗಿನ ಮುಚ್ಚಳ ಸಿಕ್ಕಿತು. ಅದರ ಅಡಿಗೆ ಎರಡು ತಗಡು ಹಾಗೇ ಅಂಟಿಕೊಂಡಿದ್ದವು. ಒಂದು ತೆಗೆದಿದ್ದರೆ ಸಾಕಿತ್ತು.

ಮುಚ್ಚಿಡಬಹುದಿತ್ತು, ಮನಸ್ಸು ಒಪ್ಪಲಿಲ್ಲ. ನನ್ನ ತಪ್ಪಾಯಿತೆಂದು ಗಂಗಮ್ಮನವರಿಗೆ ಹೇಳಿದೆ. ಅವರು ತಗಡನ್ನು ಕೈಗೆ ತೆಗೆದುಕೊಂಡು ನೋಡಿದರು.

“ಅವರೂ ಹಿಂಗs ತೆಗೀತಿದ್ರು. ನಾನು ಬ್ಯಾಟರಿ ಬೆಳಕು ಹಿಡೀತಿದ್ದೆ. ಮಧ್ಯಾಹ್ನ ಹೇಳೋಣಂದೆ. ದೊಡ್ಡ ಮೇಸ್ತ್ರಿಗೆ ನಾನೇನು ಹೇಳೋದಂತ ಸುಮ್ನಾದೆ.”

ಮೂವತ್ತು ವರ್ಷ ಆ ಯಂತ್ರದ ಪಕ್ಕದಲ್ಲಿ ಬದುಕಿದವರನ್ನು ನಾನು ಒಂದು ಮಾತೂ ಕೇಳಿರಲಿಲ್ಲ. ಕೊನೆಯ ಬಸ್ಸು ತಪ್ಪೀತೆಂದು ಅವರೇ ನನ್ನನ್ನು ಹೊರಡಿಸಿದರು. ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಲೇತ್ ನಿಂತಿದ್ದ ಜಾಗದ ಎಣ್ಣೆಗಪ್ಪು ನೆಲವನ್ನು ಗಂಗಮ್ಮ ಗುಡಿಸುತ್ತಿದ್ದರು.