ಕೊನೆಗೆ ಉಣ್ಣುವವರ ರಕ್ತ

ಬೆರಳಿಗೆ ಹತ್ತಿದ ನೀಲಿ ಬಣ್ಣ ಸೋಪಿಗೂ ಜಗ್ಗದಿದ್ದಾಗಲೆಲ್ಲ ನನಗೆ ನಮ್ಮ ಡಾಕ್ಟರಮ್ಮ ನೆನಪಾಗುತ್ತಾರೆ. ಗಾಜಿನ ಸ್ಲೈಡಿನ ಮೇಲೆ ಸವರಿದ ರಕ್ತದ ಕಣಗಳು ಎದ್ದು ಕಾಣಲೆಂದು ಹಾಕುವ ಬಣ್ಣ ಅದು. ತರಗತಿಯ ಮೊದಲ ಸ್ಲೈಡು ಪಾಠ ಮಾಡುವವರ ರಕ್ತದ್ದೇ ಆಗಿರಬೇಕೆಂಬುದು ಅವರ ಪದ್ಧತಿ. ಇವತ್ತು ಹಾಗೇ ಮಾಡಲು ಹೋಗಿ ಮತ್ತೆ ಕೈ ಕೆಡಿಸಿಕೊಂಡೆ. ಇಷ್ಟು ವರ್ಷ ಪಾಠ ಹೇಳಿದರೂ ನನಗೆ ಅಚ್ಚುಕಟ್ಟು ಬರಲಿಲ್ಲ ನೋಡಿ.

ಡಾಕ್ಟರಮ್ಮ ಬಿಳಿಗೆರೆ ಊರಿನವರು, ಮೆಡಿಕಲ್ ಕಾಲೇಜಿನಲ್ಲಿ ನಮಗೆ ಪಾಠ ಹೇಳಿದವರು. ರಕ್ತದ ಸಂಶೋಧನೆಯಲ್ಲಿ ಹೊರದೇಶದವರೂ ಅವರ ಮಾತು ಕೇಳುತ್ತಿದ್ದರು. ನಾವು ವಿದ್ಯಾರ್ಥಿಗಳು ಮಾತ್ರ ಅವರ ಒಂದೇ ಪ್ರಶ್ನೆಗೆ ನಡುಗುತ್ತಿದ್ದೆವು. ಮೌಖಿಕ ಪರೀಕ್ಷೆಯಲ್ಲಿ ಮೈಕ್ರೋಸ್ಕೋಪು ತೋರಿಸಿ, "ಈ ರಕ್ತ ಮನೇಲಿ ಎಷ್ಟನೇ ಪಂಕ್ತಿಗೆ ಕೂರುತ್ತೆ?" ಎನ್ನುತ್ತಿದ್ದರು. ರಕ್ತಹೀನತೆಯ ಕಾರಣಗಳನ್ನೆಲ್ಲ ನಾನು ಗಡಗಡ ಒಪ್ಪಿಸಿದೆ.

"ಪುಸ್ತಕ ಚೆನ್ನಾಗಿ ಉಂಡಿದ್ದೀಯ. ಹೋಗು" ಎಂದರು.

ಆ ಪ್ರಶ್ನೆಯ ಅರ್ಥ ತಿಳಿದದ್ದು ಅವರ ಜೊತೆ ರಕ್ತ ಪರೀಕ್ಷೆಗೆಂದು ಹೆಮ್ಮರಗಾಲದ ಹಳ್ಳಿಗೆ ಹೋದಾಗ. ತುಂಬು ಗರ್ಭಿಣಿ ಸಾಕಮ್ಮ ನಾಲ್ಕು ಹೆಜ್ಜೆಗೇ ಏದುಸಿರು ಬಿಡುತ್ತಿದ್ದಳು. ಹಾಗೇ ಹೆರಿಗೆಯಾದರೆ ಅವಳು ಉಳಿಯುವುದು ಕಷ್ಟವಿತ್ತು. ಅತ್ತೆ ದೇವಮ್ಮ ಬಾಗಿಲಿಗೆ ಅಡ್ಡ ನಿಂತರು.

"ಇರಾದೇ ಒಸಿ ರಕ್ತ. ಅದ್ನೂ ಎಳ್ಕಂಡೋದ್ರೆ ಒಟ್ಟೇಲಿರೋ ಕೂಸು ಏನ್ ಕುಡಿಬೇಕು?"

ಡಾಕ್ಟರಮ್ಮ ವಾದಕ್ಕಿಳಿಯಲಿಲ್ಲ. ಮೊದಲು ತಮ್ಮ ಬೆರಳು ಚುಚ್ಚಿಕೊಂಡರು. "ಸೊಸೆದು ಬೇಡ ಅಕ್ಕ, ನಿಮ್ದು ಒಂದು ತೊಟ್ಟು ಕೊಡಿ" ಎಂದರು. ದೇವಮ್ಮ ಗತ್ತಿನಿಂದ ಕೈ ಚಾಚಿದರು. ಬಣ್ಣ ಹಿಡಿಯುವ ತನಕ ಇಬ್ಬರೂ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತರು. ಆಮೇಲೆ ದೇವಮ್ಮ ಮೈಕ್ರೋಸ್ಕೋಪಿನಲ್ಲಿ ಎರಡೂ ಸ್ಲೈಡು ನೋಡಿದರು.

"ನಿಮ್ದು ತುಂಬ್ಕಂಡದೆ. ನಂದ್ಯಾಕವ್ವಾ ನಡುಮಧ್ಯ ಖಾಲಿ? ಬರೀ ಬಳೆ ಇದ್ದಂಗವೆ."

"ಊಟ ಯಾವಾಗ ಮಾಡ್ತೀರಿ?"

"ಎಲ್ಲಾರೂ ಉಂಡ್ಮೇಲೆ. ಮದ್ವೆಯಾಗಿ ಬಂದಾಗಿಂದ್ಲೂ ಅಂಗೇಯ. ಅರ್ಧ ಮುದ್ದೆ, ತಿಳಿ ಸಾರು. ಸೊಪ್ಪು ಕಾಳು ಎಲ್ ಉಳೀತದೆ?"

ಹೇಳುತ್ತಲೇ ಅವರು ಸೊಸೆಯ ಕಡೆ ತಿರುಗಿದರು. ಅವಳೂ ಅದನ್ನೇ ಉಣ್ಣುತ್ತಿದ್ದಳು.

"ಬಾ ಮಗಾ, ಕೈ ಕೊಡು" ಎಂದರು. ಆಮೇಲೆ ಒಳಗಿದ್ದ ಮಗನಿಗೆ ಕೂಗಿದರು: "ಎರಡು ತಟ್ಟೆ ತತ್ತಾರ್ಲಾ. ಇವತ್ತು ನಾವಿಬ್ರೂ ಮೊದ್ಲು."

ಸಾಕಮ್ಮನಿಗೆ ಚಿಕಿತ್ಸೆಯಾಯಿತು. ನಂಜನಗೂಡಿನಲ್ಲಿ ಹೆರಿಗೆಯಾಗಿ ತಾಯಿ ಮಗು ಇಬ್ಬರೂ ಚೆನ್ನಾಗಿ ಉಳಿದರು. ಹೆಮ್ಮರಗಾಲದಿಂದ ಬಂದ ದಿನವೇ ನಾನೂ ರಕ್ತವನ್ನೇ ಓದುವುದೆಂದು ನಿರ್ಧರಿಸಿದ್ದೆ. ಆ ನಿರ್ಧಾರಕ್ಕೆ ಒಂದು ದಿನವೂ ಬೇಸರಪಟ್ಟಿಲ್ಲ.

ಇವತ್ತು ನಾನು ಅದೇ ಪ್ರಶ್ನೆ ಕೇಳಿದಾಗ ಟಿ. ನರಸೀಪುರದ ಹುಡುಗಿಯೊಬ್ಬಳು ಸ್ಲೈಡಿನಿಂದ ತಲೆಯೆತ್ತಿ, "ಇವ್ರು ಕೊನೇ ಪಂಕ್ತಿ ಮೇಡಂ" ಎಂದಳು. "ಭೇಷ್" ಎಂದೆ.

"ಯಾರ್ದು ಮೇಡಂ ಇದು?"

ನೀಲಿ ಬೆರಳನ್ನು ಎತ್ತಿ ತೋರಿಸಿದೆ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ.

ಮನೆಗೆ ಬಂದವಳೇ ತಟ್ಟೆ ಹಾಕಿಕೊಂಡು, ಸೊಪ್ಪು ಕಾಳು ಸಾರಿನ ತಳದಿಂದ ಬಗೆದು ಬಡಿಸಿಕೊಂಡೆ. ಮಗ ಕಣ್ಣರಳಿಸಿದ.

"ಅಮ್ಮಾ, ಅಪ್ಪ ಇನ್ನೂ ಬಂದಿಲ್ಲ."

"ಬರ್ಲಿ ಬಿಡೋ. ತಿಳಿ ಸಾರು ಉಳಿದಿರುತ್ತೆ."