ಅಧಿಕಪ್ರಸಂಗಿ

ಚಾಮರಾಜನಗರದಲ್ಲಿ ಡಿ.ಎಡ್. ಓದುವಾಗ ನಮಗೊಂದು ಅಸೈನ್‌ಮೆಂಟ್ ಕೊಟ್ಟಿದ್ದರು: ಪ್ರತಿಭಾವಂತ ಮಕ್ಕಳಿಗೆ ಬೇರೆ ಬೇರೆ ದೇಶಗಳಲ್ಲಿ ಹೇಗೆ ಕಲಿಸುತ್ತಾರೆ, ಹೋಲಿಸಿ ಚಾರ್ಟ್ ಮಾಡಿ. ಆ ಭಾನುವಾರ ಹಾಸ್ಟೆಲ್ ಖಾಲಿ. ಎಲ್ಲರೂ ಊರಿಗೆ ಹೋಗಿದ್ದರು. ನನ್ನೂರು ತೆರಕಣಾಂಬಿಯೇನು ದೂರವಲ್ಲ, ಆದರೆ ಹೋಗಿ ಯಾರ ಜೊತೆ ಮಾತಾಡುವುದು? ಒಂದು ಹೇಳಿದರೆ ಇನ್ನೊಂದು ಕೇಳುತ್ತಾಳೆಂದು ಮೇಷ್ಟರು ಚಿಕ್ಕಂದಿನಲ್ಲೇ ನನಗೆ 'ಅಧಿಕಪ್ರಸಂಗಿ' ಎಂದು ಹೆಸರಿಟ್ಟಿದ್ದರು. ಮನೆಯವರೂ ಹಾಗೇ ಕರೆದರು, ಓರಗೆಯ ಹುಡುಗಿಯರೂ ಅದನ್ನೇ ಹಿಡಿದುಕೊಂಡರು. ಆಮೇಲೆ ನನ್ನ ಪಕ್ಕ ಯಾರೂ ಕೂರಲಿಲ್ಲ.

ಒಬ್ಬಳೇ ನೆಲದ ಮೇಲೆ ಚಾರ್ಟ್ ಹರಡಿಕೊಂಡು ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದೆ. ಸಿಂಗಪುರದಲ್ಲಿ ಮೂರನೇ ತರಗತಿಯಲ್ಲೇ ಪರೀಕ್ಷೆ ಮಾಡಿ ಆರಿಸುತ್ತಾರೆ. ಅಮೆರಿಕದಲ್ಲಿ ಕೆಲವು ಕಡೆ ಒಂದು ತರಗತಿ ಹಾರಿಸಿ ಮುಂದಕ್ಕೆ ಕಳಿಸುತ್ತಾರೆ. ಫಿನ್ಲೆಂಡಿನಲ್ಲಿ ಬೇರೆ ಮಾಡದೆ ಎಲ್ಲರ ಜೊತೆಯೇ ಕೂರಿಸುತ್ತಾರೆ. ಓದುತ್ತಾ ಓದುತ್ತಾ ಹೊಟ್ಟೆ ಉರಿಯಿತು. ಭಾರತದ ಕಾಲಂಗೆ ಗೈಡಿನಿಂದ ನಾಲ್ಕು ಸಾಲು ಇಳಿಸಿ ಕೈ ತೊಳೆದುಕೊಂಡೆ. ಚಾರ್ಟಿಗೆ ಒಳ್ಳೆಯ ಅಂಕ ಬಂತು, ಕಾಲೇಜಿನ ಗೋಡೆಗೂ ಏರಿತು.

ಮುಂದಿನ ತಿಂಗಳು ಉಡಿಗಾಲದ ಒಂದು ಶಾಲೆಗೆ ಬೋಧನಾಭ್ಯಾಸಕ್ಕೆ ಹಾಕಿದರು. ಐದನೇ ತರಗತಿ, ಭಿನ್ನರಾಶಿ. ಹಿಂದಿನ ಬೆಂಚಿನಲ್ಲಿ ನಮ್ಮ ಲೆಕ್ಚರರು ನನ್ನ ಪಾಠ ಯೋಜನೆ ಹಿಡಿದು ಕೂತಿದ್ದರು. ಬೋರ್ಡಿನ ಮೇಲೆ ರೊಟ್ಟಿ ಬರೆದು ಅರ್ಧ, ಕಾಲು, ಅರೆಕಾಲು ಎಂದು ಕತ್ತರಿಸುತ್ತಾ ಹೋದೆ. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಇಂಗೇ ಕತ್ತರಿಸ್ತಾನೇ ಇದ್ರೆ ಕೊನೆಗೆ ಏನೂ ಉಳಿಯಾಕಿಲ್ವ? ಇಲ್ಲಾ ಯಾವಾಗ್ಲೂ ಒಸಿ ಉಳ್ಕಂಡೇ ಇರ್ತದಾ?"

ಎಂಥ ಪ್ರಶ್ನೆ! ನನ್ನ ಪಾಠ ಯೋಜನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಇನ್ನು ಹತ್ತೇ ನಿಮಿಷ ಉಳಿದಿತ್ತು, ಮೌಲ್ಯಮಾಪನದ ಪ್ರಶ್ನೆಗಳು ಬಾಕಿ ಇದ್ದವು. ಲೆಕ್ಚರರ ಪೆನ್ನು ಮೇಲೆದ್ದಿತು.

"ಅಧಿಕಪ್ರಸಂಗ ಮಾಡ್ಬೇಡ, ಸುಮ್ಕೆ ಕೂತ್ಕೊ" ಎಂದುಬಿಟ್ಟೆ.

ಮಕ್ಕಳೆಲ್ಲ ಗೊಳ್ಳೆಂದರು. ಅವಳು ಕೂತಳು. ಲೆಕ್ಚರರು ನನ್ನ ಪುಸ್ತಕದಲ್ಲಿ 'ತರಗತಿ ನಿಯಂತ್ರಣ ಉತ್ತಮ' ಎಂದು ಬರೆದರು.

ಆಮೇಲೆ ಎರಡು ವಾರ ಪಾಠ ಮಾಡಿದೆ. ಅವಳ ಕೈ ಒಮ್ಮೆಯೂ ಮೇಲೇಳಲಿಲ್ಲ. ಊಟದ ಬಿಡುವಿನಲ್ಲಿ ಜಗಲಿಯ ತುದಿಯಲ್ಲಿ ಒಬ್ಬಳೇ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದಳು. ಉಳಿದ ಹುಡುಗಿಯರು ದೂರದಿಂದ ನಾನು ಅಂದ ಮಾತನ್ನೇ ರಾಗವಾಗಿ ಕೂಗುತ್ತಿದ್ದರು. ಸ್ಟಾಫ್ ರೂಮಿನ ಕಿಟಕಿಯಿಂದ ಅದನ್ನು ನೋಡುತ್ತಿದ್ದೆ. ಬಾಯಿಬಿಟ್ಟು ಬೈಯೋಣವೆಂದರೆ ಯಾರನ್ನು ಬೈಯಲಿ?

ಕೊನೆಯ ದಿನ ಅವಳ ಪಕ್ಕ ಹೋಗಿ ಕೂತೆ.

"ಅವತ್ತು ರೊಟ್ಟಿ ಬಗ್ಗೆ ಒಂದು ಕೇಳಿದ್ದೆಯಲ್ಲಮ್ಮಿ, ಭಾಳ ಒಳ್ಳೆ ಪ್ರಶ್ನೆ. ಇನ್ನೊಂದ್ಸಲ ಕೇಳು, ಹೇಳ್ತೀನಿ."

ಅವಳು ತಟ್ಟೆ ತೆಗೆದುಕೊಂಡು ಎದ್ದಳು.

"ಏನ್ ಕೇಳುದ್ನೋ, ಮರ್ತೋಯ್ತು ಮಿಸ್."

ಅವಳು ಮರೆತಿರಲಿಲ್ಲ. ನನ್ನನ್ನು ಕೇಳುವುದು ಅವಳಿಗೆ ಬೇಕಿರಲಿಲ್ಲ, ಅಷ್ಟೇ.